ಎಲೆ ಕಾಯುತ್ತಾ ಕೂರುವುದಾ, ಆಲ್ ಇನ್ ಹೋಗುವುದಾ? ಎರಡು ಶನಿವಾರ, ಎರಡು ಕೈ

ನಿಟ್ಟುವಳ್ಳಿಯವ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ನಾವು ಒಂಬತ್ತು ಜನ ಪ್ರತಿ ಶನಿವಾರ ಸಂಜೆ ವಿದ್ಯಾನಗರದಲ್ಲಿ ಒಬ್ಬ ಗೆಳೆಯನ ಮನೆ ಮಹಡಿ ಮೇಲೆ ಪೋಕರ್ ಆಡುತ್ತೇವೆ. ಹಣ ಇಲ್ಲ, ಬರೀ ಚಿಪ್ಸ್. ಯಾರು ಕೊನೆವರೆಗೆ ಉಳಿದರು ಅನ್ನುವುದರ ಮೇಲೆ ಅಂಕ ಬರೆದಿಡುತ್ತೇವೆ. ಯುಗಾದಿಗೆ ವರ್ಷದ ಲೆಕ್ಕ ಮುಗಿಯುತ್ತದೆ. ಎಲ್ಲರಿಗೂ 5,000 ಚಿಪ್ಸ್, 20 ನಿಮಿಷಕ್ಕೊಮ್ಮೆ ಬ್ಲೈಂಡ್ (ಎಲೆ ನೋಡುವ ಮುಂಚೆಯೇ ಇಬ್ಬರು ಇಡಲೇಬೇಕಾದ ಚಿಪ್ಸ್) ಏರುತ್ತದೆ.

ಹಿಂದಿನ ಶನಿವಾರದ ಕೈ ಮೊದಲು ಹೇಳುತ್ತೇನೆ. ಬ್ಲೈಂಡ್ 50/100, ಅಂದರೆ ಸ್ಮಾಲ್ ಬ್ಲೈಂಡ್ 50, ಬಿಗ್ ಬ್ಲೈಂಡ್ 100. ಗೆಳೆಯನ ದೊಡ್ಡಪ್ಪ ಮೊದಲ ಸೀಟಿನಿಂದ (ಎಲ್ಲರಿಗಿಂತ ಮುಂಚೆ ಮಾತಾಡುವ ಸೀಟು) 400ಕ್ಕೆ ರೈಸ್ ಮಾಡಿದರು, ಅಂದರೆ ಪಣ ಏರಿಸಿದರು. ಅವರ ಹತ್ತಿರ 4,000 ಇತ್ತು, ನನ್ನ ಹತ್ತಿರ 5,200. ನಾನು ಬಟನ್ ಮೇಲಿದ್ದೆ (ಹಂಚುವವನ ಸೀಟು, ಅದಾದ ಮೇಲೆ ಎರಡು ಬ್ಲೈಂಡಿನವರು), ಕೈಯಲ್ಲಿ ಗುಲಾಮರ ಜೋಡಿ. ನೇರ ಆಲ್ ಇನ್ ಹೊಡೆದೆ, ಅಂದರೆ ಇದ್ದ ಚಿಪ್ಸ್ ಎಲ್ಲ ಮುಂದಿಟ್ಟೆ. ಅವರು ಒಂದು ಕ್ಷಣವೂ ಯೋಚಿಸದೆ ಕಾಲ್ ಮಾಡಿ (ಪಣಕ್ಕೆ ಒಪ್ಪಿ ತಮ್ಮ ಚಿಪ್ಸ್ ಇಟ್ಟು) ರಾಜರ ಜೋಡಿ ತೋರಿಸಿದರು. ಅಲ್ಲಿಗೆ ನನ್ನ ಆಟ ಹೆಚ್ಚು ಕಮ್ಮಿ ಮುಗಿಯಿತು.

ಮೊನ್ನೆ ಶನಿವಾರ ಆತುರ ಬೇಡ ಅಂತ ಗಟ್ಟಿ ಮಾಡಿಕೊಂಡು ಕೂತೆ. ಆರು ಜನ ಉಳಿದಿದ್ದೆವು. 200/400ರಲ್ಲಿ ನನ್ನ ಹತ್ತಿರ 4,800 ಇತ್ತು. ಒಳ್ಳೆ ಎಲೆ ಬರಲಿ ಅಂತ ಕಾದೆ. ಎರಡು ಸುತ್ತು ಹೋಯಿತು. ಬ್ಲೈಂಡ್ 300/600 ಆಯಿತು. ಮತ್ತೆರಡು ಸುತ್ತು. ನೋಡಿದರೆ 1,800 ಉಳಿದಿದೆ! ಆಗ ಎಕ್ಕ ಗುಲಾಮ ಬಂತು, ಆಲ್ ಇನ್ ಹೋದೆ. ಬಿಗ್ ಬ್ಲೈಂಡ್‌ನವನು ರಾಣಿ ಎಂಟು ಇಟ್ಟುಕೊಂಡು ಕಾಲ್ ಮಾಡಿದ. ಎಂಟು ಬಿತ್ತು. ನಾನು ಎದ್ದೆ.

ರಾಣಿ ಎಂಟರಲ್ಲಿ ಯಾರಾದರೂ ಕಾಲ್ ಮಾಡುತ್ತಾರಾ? ಒಂದು ವಾರ ಬೇಗ ಹೋಗಿ ಸೋತೆ, ಇನ್ನೊಂದು ವಾರ ಕಾದು ಸೋತೆ. ಹಾಗಾದರೆ ಫ್ಲಾಪ್‌ಗೆ (ನಡುವೆ ಬೀಳುವ ಐದು ಎಲೆಯಲ್ಲಿ ಮೊದಲ ಮೂರು) ಮುಂಚೆ ಎಲ್ಲವನ್ನೂ ಮುಂದಿಡುವ ಸರಿಯಾದ ಹೊತ್ತು ಯಾವುದು? ದಯವಿಟ್ಟು ಬಿಡಿಸಿ ಹೇಳಿ.

ಲೆಕ್ಕದ ಮೇಷ್ಟ್ರು

ತಮ್ಮಾ, ಕೈಯನ್ನು ಇಷ್ಟು ವಿವರವಾಗಿ ಬರೆದಿದ್ದಕ್ಕೆ ಸಂತೋಷ. ಚಿಪ್ಸ್ ಎಷ್ಟಿತ್ತು ಅಂತ ಬರೆಯದೆ ಬರೀ ಎಲೆ ಬರೆಯುವವರೇ ಜಾಸ್ತಿ. ಹಾಗೆ ಬರೆದರೆ ಉತ್ತರ ಹೇಳುವುದೇ ಕಷ್ಟ.

ಮೊದಲು ರಾಣಿ ಎಂಟು. ನಿನ್ನ 1,800, ಸ್ಮಾಲ್ ಬ್ಲೈಂಡ್ 300, ಅವನದೇ 600. ಪಾಟ್‌ನಲ್ಲಿ, ಅಂದರೆ ನಡುವಿನ ರಾಶಿಯಲ್ಲಿ, 2,700 ಇತ್ತು. ಅವನು ಇನ್ನು ಹಾಕಬೇಕಿದ್ದದ್ದು 1,200 ಮಾತ್ರ. ಒಟ್ಟು 3,900ಕ್ಕೆ 1,200 ಅಂದರೆ ಶೇ 31ರಷ್ಟು ಸಲ ಗೆದ್ದರೂ ಅವನಿಗೆ ನಷ್ಟ ಇಲ್ಲ. ಎಕ್ಕ ಗುಲಾಮದ ಎದುರು ರಾಣಿ ಎಂಟು ಮೂರರಲ್ಲಿ ಒಂದಕ್ಕಿಂತ ಜಾಸ್ತಿ ಸಲ ಗೆಲ್ಲುತ್ತದೆ. ಅವನು ಮಾಡಿದ್ದು ಸರಿಯಾದ ಕಾಲ್.

ಈಗ ಅದೇ ಹುಡುಗ, ಅದೇ ರಾಣಿ ಎಂಟು, ಆದರೆ ನೀನು ಇನ್ನೂ 4,800 ಇದ್ದಾಗ 200/400ರಲ್ಲಿ ಆಲ್ ಇನ್ ಹೋಗಿದ್ದೀಯ ಅಂದುಕೋ. ಪಾಟ್‌ನಲ್ಲಿ 5,400. ಅವನು ಹಾಕಬೇಕಾದದ್ದು 4,400. ಈಗ ಶೇ 45ರಷ್ಟು ಸಲ ಗೆಲ್ಲಬೇಕು. ಅವನು ಎಲೆ ಬಿಸಾಡುತ್ತಾನೆ, ನಿನಗೆ 600 ಸುಮ್ನೆ ಬರುತ್ತದೆ. ಕಾಯುತ್ತಾ ಕೂತು ನೀನು ಕಳೆದುಕೊಂಡದ್ದು 3,000 ಚಿಪ್ಸ್ ಮಾತ್ರ ಅಂತ ತಿಳಿಯಬೇಡ. ಎದುರಿನವರು ಹೆದರಿ ಫೋಲ್ಡ್ ಮಾಡುವ ಸಾಧ್ಯತೆಯನ್ನೂ ಕಳೆದುಕೊಂಡೆ. ಸಣ್ಣ ಸ್ಟ್ಯಾಕಿನ (ಹತ್ತಿರ ಇರುವ ಚಿಪ್ಸಿನ) ನಿಜವಾದ ಬಂಡವಾಳ ಅದೇ. ಅದು ಇರುವಾಗಲೇ ಹೋಗಬೇಕು.

ದೊಡ್ಡಪ್ಪನ ಕೈಗೆ ರಾತ್ರಿ ಬರೆಯುತ್ತೇನೆ. ಈಗ ಟ್ಯೂಷನ್ ಹುಡುಗರು ಬಂದರು.

ಹಳೇಪೇಟೆ ಹಿರಿಯ

ನಾನು ಪೋಕರ್ ಕಲಿತದ್ದು ಈಚೆಗೆ. ಅದಕ್ಕೂ ಮುಂಚೆ ನಲವತ್ತು ವರ್ಷ ರಮ್ಮಿ, ಮೂರೆಲೆ ಆಡಿದ್ದೇನೆ. ನನಗೆ ಈ ತಳ್ಳುವ ಆಟ ಒಪ್ಪಿಗೆ ಆಗುವುದಿಲ್ಲ. ಐದು ಎಲೆ ಬೀಳುವುದು ಬಾಕಿ ಇದೆ. ಒಂದನ್ನೂ ನೋಡದೆ ಇದ್ದದ್ದನ್ನೆಲ್ಲ ಇಡುವುದು ಯಾಕೆ? ಎಕ್ಕದ ಜೋಡಿ, ರಾಜನ ಜೋಡಿ ಬಂದರೆ ಸರಿ. ಬೇರೆ ಕೈಗೆ ಫ್ಲಾಪ್ ನೋಡಿಯೇ ಹೆಜ್ಜೆ ಇಡಬೇಕು. ನಿಟ್ಟುವಳ್ಳಿಯವರು ಮೊನ್ನೆ ಕಾದದ್ದು ತಪ್ಪಲ್ಲ, ಅವರಿಗೆ ಎಲೆ ಬರಲಿಲ್ಲ ಅಷ್ಟೆ.

ಕೋಟೆ ಹುಡುಗಿ

ಚಿತ್ರದುರ್ಗದಿಂದ ಬರೆಯುತ್ತಿದ್ದೇನೆ. ಹಿರಿಯರೇ, ನಿಮ್ಮ ಮಾತಿಗೆ ಎದುರು ಹೇಳುತ್ತಿದ್ದೇನೆ ಅಂತ ಬೇಸರ ಮಾಡಿಕೊಳ್ಳಬೇಡಿ. ನಾನೂ ಎರಡು ವರ್ಷ ಹೀಗೇ ಆಡಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಎಕ್ಕದ ಜೋಡಿ ಬರುವುದು 221 ಕೈಗೆ ಒಂದು ಸಲ. ರಾಜನ ಜೋಡಿಯೂ ಅಷ್ಟೇ. ಎರಡರಲ್ಲಿ ಒಂದು ಬರಲಿ ಅಂದರೂ ಸುಮಾರು 110 ಕೈಗೆ ಒಮ್ಮೆ. ಮನೆ ಆಟದಲ್ಲಿ 20 ನಿಮಿಷಕ್ಕೆ 12 ಕೈ ಹಂಚಿದರೆ ಮೂರು ಗಂಟೆಗೆ 108 ಕೈ. ಅಂದರೆ ಒಂದು ಸಂಜೆಗೆ ಒಂದು ಸಲ ಬಂದರೆ ಪುಣ್ಯ. ಅದೂ ಸ್ಟ್ಯಾಕ್ ಕರಗಿದ ಹೊತ್ತಿಗೇ ಬರಬೇಕು ಅಂತ ಯಾರು ಹೇಳಿದ್ದಾರೆ? ಅಷ್ಟರಲ್ಲಿ ಬ್ಲೈಂಡ್ ನಮ್ಮನ್ನು ತಿಂದು ಹಾಕಿರುತ್ತದೆ.

ರಮ್ಮಿಯಲ್ಲಿ ಕಾಯುವುದಕ್ಕೆ ಬೆಲೆ ಇದೆ, ಎಲೆ ಸರಿ ಇಲ್ಲದಿದ್ದರೆ ಸಣ್ಣ ಪಾಯಿಂಟಿಗೆ ಬಿಡಬಹುದು. ಇಲ್ಲಿ ಕಾಯುವುದಕ್ಕೂ ಬಾಡಿಗೆ ಕಟ್ಟಬೇಕು. ಅದಕ್ಕೊಂದು ಸುಲಭದ ಅಳತೆ ಇದೆ. ನಮ್ಮ ಚಿಪ್ಸ್ ಅನ್ನು ಒಂದು ಸುತ್ತಿನ ಖರ್ಚಿನಿಂದ (ಎರಡೂ ಬ್ಲೈಂಡ್ ಸೇರಿ) ಭಾಗಿಸಿ. ಬ್ಯಾಕ್‌ಗ್ಯಾಮನ್ ಆಟಗಾರ ಪಾಲ್ ಮ್ಯಾಗ್ರಿಯೆಲ್ ಅವರ ಹೆಸರಿನಿಂದ ಇದಕ್ಕೆ 'ಎಂ' ಅನ್ನುತ್ತಾರೆ. ಅಣ್ಣ, ನಿಮ್ಮ 4,800ಕ್ಕೆ ಒಂದು ಸುತ್ತಿನ ಖರ್ಚು 600. ಎಂಟು ಸುತ್ತು ಉಸಿರಿತ್ತು. 1,800 ಆದಾಗ ಸುತ್ತಿಗೆ 900. ಎರಡೇ ಸುತ್ತು. ನಡುವೆ ನಾಲ್ಕೇ ಸುತ್ತು ಕಳೆದಿತ್ತು. ನೀವು ಕೂತಲ್ಲೇ ಕೂತಿದ್ದಿರಿ, ನೆಲ ಮಾತ್ರ ಕುಸಿಯುತ್ತಿತ್ತು.

ಲೆಕ್ಕದ ಮೇಷ್ಟ್ರು

ಕೋಟೆ ಹುಡುಗಿ ಹೇಳಿದ್ದು ಸರಿ ಇದೆ. ಈಗ ದೊಡ್ಡಪ್ಪನ ಕೈ.

ತಮ್ಮಾ, ಆ ಹೊತ್ತಿಗೆ ಪಾಟ್‌ನಲ್ಲಿ ಇದ್ದದ್ದು 550. ಅದಕ್ಕೆ ನೀನು 4,000 ಪಣಕ್ಕಿಟ್ಟೆ. ಇದು ತಪ್ಪು ಅಂತ ಈಗಲೇ ಹೇಳಲಾರೆ. ದೊಡ್ಡಪ್ಪ ಎಂಥ ಆಟಗಾರರು ಅನ್ನುವುದರ ಮೇಲೆ ಎಲ್ಲ ನಿಂತಿದೆ. ಅವರು ಮೊದಲ ಸೀಟಿನಿಂದ ಯಾವಾಗ ಯಾವಾಗ ರೈಸ್ ಮಾಡುತ್ತಾರೆ?

ನಿಟ್ಟುವಳ್ಳಿಯವ

ತುಂಬ ಕಡಿಮೆ, ಮೇಷ್ಟ್ರೇ. ಒಂದು ಸಂಜೆಗೆ ಎರಡು ಮೂರು ಸಲ. ತೋರಿಸಿದಾಗಲೆಲ್ಲ ದೊಡ್ಡ ಜೋಡಿ, ಇಲ್ಲಾ ಎಕ್ಕ ರಾಜ. ಒಂದು ಸಲ ರೈಸ್ ಮಾಡಿದ ಮೇಲೆ ಅವರು ಬಿಟ್ಟದ್ದನ್ನು ನಾನು ನೋಡಿಲ್ಲ.

ಲೆಕ್ಕದ ಮೇಷ್ಟ್ರು

ಹಾಗಾದರೆ ಎಣಿಸೋಣ. ಈ ಎಣಿಕೆ ಒಂದು ಸಲ ಕೈ ಹತ್ತಿದರೆ ಜೀವನಪೂರ್ತಿ ಜೊತೆಗಿರುತ್ತದೆ.

ನಾಲ್ಕು ಎಕ್ಕಗಳಿಂದ ಜೋಡಿ ಮಾಡಲು ಆರು ದಾರಿ. ರಾಜನಿಗೂ ಆರು, ರಾಣಿಗೂ ಆರು. ಎಕ್ಕ ರಾಜಕ್ಕೆ ನಾಲ್ಕು ನಾಲ್ಕಲ ಹದಿನಾರು. ದೊಡ್ಡಪ್ಪ ಇಷ್ಟರಲ್ಲೇ ಕಾಲ್ ಮಾಡುತ್ತಾರೆ ಅಂದರೆ ಒಟ್ಟು 34 ದಾರಿ. ಅದರಲ್ಲಿ 18 ಕಡೆ ನಿನ್ನ ಗುಲಾಮರು ದೊಡ್ಡ ಜೋಡಿಯ ಕೆಳಗೆ ಸಿಕ್ಕಿಬಿದ್ದಿದ್ದಾರೆ. ಅಲ್ಲಿ ಗೆಲುವು ಶೇ 18ರ ಆಸುಪಾಸು. ಉಳಿದ 16 ಕಡೆ, ಎಕ್ಕ ರಾಜದ ಎದುರು, ಶೇ 56ರಷ್ಟು. ಎಲ್ಲ ಕೂಡಿಸಿ ಸರಾಸರಿ ತೆಗೆದರೆ ಶೇ 36. ಅವರು ಫೋಲ್ಡ್ ಮಾಡುವುದೇ ಇಲ್ಲ ಅಂತ ನೀನೇ ಹೇಳುತ್ತಿದ್ದೀಯ. ಅಂದರೆ ಮೂರರಲ್ಲಿ ಒಂದು ಚೂರು ಜಾಸ್ತಿ ಗೆಲ್ಲುವ ಕೈಗೆ ನೀನು 40 ಬಿಗ್ ಬ್ಲೈಂಡ್ ಇಟ್ಟೆ.

ಸುಮ್ನೆ 400 ಕಾಲ್ ಮಾಡಿ ಫ್ಲಾಪ್ ನೋಡಬಹುದಿತ್ತು. ನೀನು ಬಟನ್ ಮೇಲಿದ್ದೆ, ಫ್ಲಾಪ್ ಆದಮೇಲೆ ಅವರೇ ಮೊದಲು ಮಾತಾಡಬೇಕು. ಗುಲಾಮರ ಜೋಡಿ ಇದ್ದಾಗ ಎಕ್ಕ, ರಾಜ, ರಾಣಿ ಯಾವುದೂ ಇಲ್ಲದ ಫ್ಲಾಪ್ ಬೀಳುವುದು ಶೇ 43ರಷ್ಟು ಸಲ. ಮೂರನೇ ಗುಲಾಮ ಬೀಳುವುದು ಎಂಟೂವರೆಗೆ ಒಂದು ಸಲ. ಹಿರಿಯರು ಹೇಳಿದ 'ಫ್ಲಾಪ್ ನೋಡಿ ಹೆಜ್ಜೆ ಇಡು' ಅನ್ನುವ ಮಾತು ಈ ಕೈಗೆ ನೂರಕ್ಕೆ ನೂರು ಸರಿ. ಸ್ಟ್ಯಾಕ್ ದೊಡ್ಡದಿದ್ದಾಗ ಮುಂದೆ ಆಡಲು ಜಾಗ ಇರುತ್ತದೆ. 12 ಬ್ಲೈಂಡ್ (ಬಿಗ್ ಬ್ಲೈಂಡಿನ ಹನ್ನೆರಡು ಪಟ್ಟು) ಇದ್ದಾಗ ಆ ಜಾಗ ಇರುವುದಿಲ್ಲ. ಮೂರು ಬ್ಲೈಂಡಿಗೆ ರೈಸ್ ಮಾಡಿ, ಯಾರೋ ಮೇಲೆ ಬಿದ್ದಾಗ ಬಿಟ್ಟರೆ ಕಾಲು ಭಾಗ ಸ್ಟ್ಯಾಕ್ ಹೋಯಿತು. ಅದಕ್ಕೇ ಆಗ ಒಂದೇ ಏಟಿಗೆ ಎಲ್ಲ.

ಇದೇ ಗುಲಾಮರ ಜೋಡಿ, ಇದೇ ರೈಸು, ಆದರೆ ಪ್ರತಿ ಎರಡನೇ ಕೈಗೆ ರೈಸ್ ಮಾಡುವ ಹುಡುಗ ಎದುರಿಗಿದ್ದು, ನಿನ್ನ ಹತ್ತಿರ 15 ಬ್ಲೈಂಡ್ ಇದ್ದಿದ್ದರೆ ಕಣ್ಣು ಮುಚ್ಚಿ ತಳ್ಳು ಅನ್ನುತ್ತಿದ್ದೆ.

ಜೋಗಿಮಟ್ಟಿ

ಮೇಷ್ಟ್ರೇ, ಒಂದು ಸಂದೇಹ. ರಾಜರ ಜೋಡಿ ಇದ್ದಾಗಲೂ ಎದುರಿಗೆ ಎಕ್ಕ ಇದ್ದೀತು ಅಂತ ಹೆದರಿ ಬರೀ ಕಾಲ್ ಮಾಡುವವರು ನಮ್ಮ ಗುಂಪಿನಲ್ಲಿ ಇಬ್ಬರಿದ್ದಾರೆ. ಅದು ಸರಿಯಾ?

ಲೆಕ್ಕದ ಮೇಷ್ಟ್ರು

ನಿನ್ನ ಕೈಯಲ್ಲಿ ರಾಜರ ಜೋಡಿ ಇದ್ದಾಗ, ಉಳಿದ ಎಂಟು ಜನರಲ್ಲಿ ಯಾರಿಗಾದರೂ ಎಕ್ಕದ ಜೋಡಿ ಬಂದಿರುವ ಸಾಧ್ಯತೆ ಶೇ 4ರಷ್ಟು. ಈ ಹೆದರಿಕೆಗೆ ಅಷ್ಟು ಬೆಲೆ ಕೊಡಬಾರದು. ಮಿಕ್ಕ 96 ಸಲ ಸಿಗಬೇಕಾದ್ದು ಕೈ ತಪ್ಪುತ್ತದೆ.

ಕೋಟೆ ಹುಡುಗಿ

ನನಗೆ ಅರ್ಥ ಆಗಲು ಜಾಸ್ತಿ ದಿನ ಹಿಡಿದ ಒಂದು ವಿಷಯ ಹೇಳಿಬಿಡುತ್ತೇನೆ. ಆಲ್ ಇನ್ ಅನ್ನುವುದು ಒಂದೇ ಮಾತು, ಆದರೆ ಕೆಲಸ ಬೇರೆ ಬೇರೆ. ನಾವೇ ಮೊದಲು ತಳ್ಳುವುದು ಒಂದು. ಇನ್ನೊಬ್ಬರು ರೈಸ್ ಮಾಡಿದ ಮೇಲೆ ತಳ್ಳುವುದು ಇನ್ನೊಂದು. ಬೇರೆಯವರು ತಳ್ಳಿದ್ದಕ್ಕೆ ಒಪ್ಪುವುದು ಮತ್ತೊಂದು. ಮೊದಲನೆಯದರಲ್ಲಿ ಗೆಲ್ಲಲು ಎರಡು ದಾರಿ: ಅವರು ಬಿಟ್ಟರೂ ಗೆದ್ದೆವು, ಒಪ್ಪಿದ ಮೇಲೆ ನಮ್ಮ ಎಲೆ ನಿಂತರೂ ಗೆದ್ದೆವು. ಕೊನೆಯದಕ್ಕೆ ಒಂದೇ ದಾರಿ, ಎಲೆ ನಿಲ್ಲಬೇಕು.

ಹಾಗಾಗಿ ತಳ್ಳಲು ಬೇಕಾದ ಎಲೆಗಿಂತ ಒಪ್ಪಲು ಬೇಕಾದ ಎಲೆ ಗಟ್ಟಿ ಇರಬೇಕು. ಎಲ್ಲರೂ ಬಿಟ್ಟು ಸ್ಮಾಲ್ ಬ್ಲೈಂಡಿಗೆ ಬಂತು, ಹತ್ತು ಬ್ಲೈಂಡ್ ಇದೆ ಅಂದರೆ ಬರುವ ಕೈಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕೈಯನ್ನು ತಳ್ಳಬಹುದು. ಎದುರಿನ ಬಿಗ್ ಬ್ಲೈಂಡ್ ಒಪ್ಪಬೇಕಾದದ್ದು ಮೂರರಲ್ಲಿ ಒಂದರಷ್ಟು ಕೈ ಮಾತ್ರ. ಮೊದಲ ಸೀಟಿನಲ್ಲಿ ಇದು ನಡೆಯುವುದಿಲ್ಲ, ಹಿಂದೆ ಇನ್ನೂ ಎಂಟು ಜನ ಎಲೆ ನೋಡಿಲ್ಲ. ಅಲ್ಲಿ ಒಳ್ಳೆ ಜೋಡಿ, ದೊಡ್ಡ ಎಕ್ಕ ಇದ್ದರಷ್ಟೇ.

ನಮ್ಮ ಮನೆಯಲ್ಲಿ ದೀಪಾವಳಿಗೆ ಅಕ್ಕ, ಭಾವ, ಚಿಕ್ಕಪ್ಪನ ಮಕ್ಕಳು ಎಲ್ಲ ಸೇರಿ ಆಡುತ್ತೇವೆ. ಭಾವ ಎಕ್ಕ ಕಂಡರೆ ಸಾಕು, ಜೊತೆಗೆ ಏನಿದ್ದರೂ ಎಲ್ಲ ಒತ್ತೆ ಇಡುತ್ತಾರೆ. ಎಕ್ಕ ಐದಕ್ಕೆ ಎದುರಿನವರು ಒಪ್ಪಿದರು ಅಂದರೆ ಅವರ ಹತ್ತಿರ ಅದಕ್ಕಿಂತ ದೊಡ್ಡ ಎಕ್ಕ ಇರುವುದೇ ಜಾಸ್ತಿ. ಎಕ್ಕ ರಾಜದ ಎದುರು ಎಕ್ಕ ಐದು ಗೆಲ್ಲುವುದು ನಾಲ್ಕರಲ್ಲಿ ಒಂದು ಸಲ. ಅದೇ ಎಕ್ಕ ರಾಜದ ಎದುರು ಹತ್ತು ಒಂಬತ್ತು ಸೂಟೆಡ್ (ಎರಡೂ ಒಂದೇ ಜಾತಿಯ ಎಲೆ) ಇದ್ದರೆ ಹತ್ತರಲ್ಲಿ ನಾಲ್ಕು ಸಲ ಗೆಲ್ಲುತ್ತದೆ! ನೋಡಲು ಬಡಪಾಯಿ ಎಲೆ, ಆದರೆ ಎರಡೂ ಎಲೆಗೆ ಜೀವ ಇದೆ. ಎಕ್ಕ ಐದನ್ನು ತಳ್ಳಲೇಬಾರದು ಅಂತಲ್ಲ. ನಮ್ಮ ಕೈಯಲ್ಲಿ ಒಂದು ಎಕ್ಕ ಇದ್ದರೆ ಅವರಿಗೆ ಎಕ್ಕದ ಜೋಡಿ ಬರುವ ಆರು ದಾರಿ ಮೂರಕ್ಕೆ ಇಳಿಯುತ್ತದೆ. ಬಟನ್ ಮೇಲೆ ಹತ್ತು ಬ್ಲೈಂಡ್ ಇದ್ದರೆ ನಾನೂ ತಳ್ಳುತ್ತೇನೆ. ಬೇರೆಯವರ ಆಲ್ ಇನ್‌ಗೆ ಅದರಲ್ಲಿ ಒಪ್ಪುವಾಗ ಮಾತ್ರ ತುಂಬ ಯೋಚಿಸುತ್ತೇನೆ.

ಜೋಗಿಮಟ್ಟಿ

ಅಕ್ಕ ಹೇಳಿದ್ದಕ್ಕೆ ಒಂದು ಅಂಕೆ ಸೇರಿಸುತ್ತೇನೆ. 200/400ರಲ್ಲಿ ಬಟನ್ ಮೇಲೆ 4,000 ಇದೆ, ತಳ್ಳಿದಿರಿ. ಬಿಗ್ ಬ್ಲೈಂಡ್ ಒಪ್ಪಿದರೆ ಶೇ 35ರಷ್ಟು ಗೆಲ್ಲುವ ಕೈ ಅಂದುಕೊಳ್ಳಿ. ಒಪ್ಪಿದಾಗ ಪಾಟ್ 8,200, ನಿಮ್ಮ ಪಾಲು ಸರಾಸರಿ 2,870, ನಷ್ಟ 1,130. ಬಿಟ್ಟಾಗ ಲಾಭ 600. ಇವೆರಡು ಸರಿಹೋಗಲು ಶೇ 65ರಷ್ಟು ಸಲ ಎರಡೂ ಬ್ಲೈಂಡಿನವರು ಬಿಡಬೇಕು. ಸಾಮಾನ್ಯವಾಗಿ ಬಿಡುತ್ತಾರೆ ಕೂಡ.

ಈಗ ಬಿಗ್ ಬ್ಲೈಂಡ್ 400ರ ಆಂಟಿಯನ್ನೂ (ಬ್ಲೈಂಡ್ ಅಲ್ಲದೆ ಪ್ರತಿ ಕೈಗೂ ಇಡುವ ಹೆಚ್ಚಿನ ಚಿಪ್ಸ್) ಇಡುವ ಪದ್ಧತಿ ತಂದರೆ ಪಾಟ್‌ನಲ್ಲಿ ಮೊದಲೇ 1,000 ಇರುತ್ತದೆ. ಆಗ ಶೇ 50ರಷ್ಟು ಬಿಟ್ಟರೆ ಸಾಕು. ನಿಮ್ಮ ಶನಿವಾರದ ಆಟಕ್ಕೆ ಆಂಟಿ ಸೇರಿಸಿ ನೋಡಿ. ಕಾದು ಕೂರುವವರೆಲ್ಲ ತಾವಾಗಿಯೇ ಆಡಲು ಶುರು ಮಾಡುತ್ತಾರೆ.

ಕುಂದವಾಡ ಕೆರೆ

ಒಳ್ಳೆ ಚರ್ಚೆ. ಆದರೆ ಹಣ ಇಲ್ಲದ ಆಟದಲ್ಲಿ ಇದೆಲ್ಲ ನಡೆಯುತ್ತದಾ? ಚಿಪ್ಸಿಗೆ ಬೆಲೆ ಇಲ್ಲ ಅಂದರೆ ಎಲ್ಲರೂ ಸುಮ್ನೆ ಒಪ್ಪಿಬಿಡುತ್ತಾರೆ ಅಲ್ವಾ? ಇದನ್ನು ಕಲಿಯಲು ಹಣದ ಆ್ಯಪ್‌ಗಳೇ ಮೇಲು ಅಂತ ನನ್ನ ರೂಮ್‌ಮೇಟ್ ಹೇಳುತ್ತಿದ್ದ.

ಹಳೇಪೇಟೆ ಹಿರಿಯ

ಬೇಡಪ್ಪ. ಈ ಒಂದು ವಿಷಯದಲ್ಲಿ ನನ್ನ ಮಾತು ಕೇಳು. ನನ್ನ ತಂಗಿಯ ಮಗ ಫೋನಿನಲ್ಲಿ ರಮ್ಮಿ ಆಡಿ ಮನೆ ಕಟ್ಟಲು ಕೂಡಿಟ್ಟ ದುಡ್ಡು ಕಳೆದ. ತಿಂಗಳುಗಟ್ಟಲೆ ಯಾರಿಗೂ ಹೇಳಲಿಲ್ಲ. ನಾವೆಲ್ಲ ಎಷ್ಟು ನೊಂದಿದ್ದೇವೆ ಅಂತ ಬರೆಯಲು ಆಗುವುದಿಲ್ಲ.

ಲೆಕ್ಕದ ಮೇಷ್ಟ್ರು

ಹಿರಿಯರ ಮಾತಿಗೆ ನನ್ನದೂ ಸಹಿ. ಕಾನೂನೂ ಈಗ ಬೇರೆ. 2013ರಲ್ಲಿ ಕರ್ನಾಟಕ ಹೈಕೋರ್ಟ್ ಪೋಕರ್ ಅನ್ನು ಕೌಶಲದ ಆಟವಾಗಿ ನೋಡಿತ್ತು. 2021ರಲ್ಲಿ ರಾಜ್ಯ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣದ ಆನ್‌ಲೈನ್ ಆಟ ನಿಲ್ಲಿಸಿತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಆಮೇಲೆ 2025ರ ಆಗಸ್ಟ್‌ನಲ್ಲಿ ಸಂಸತ್ತೇ ಕಾಯ್ದೆ ಮಾಡಿತು. ಕೌಶಲದ ಆಟವೇ ಇರಲಿ, ಅದೃಷ್ಟದ ಆಟವೇ ಇರಲಿ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಕ್ಕೆ ಅದು ನಿಷೇಧ ಹೇಳುತ್ತದೆ. ಆ ದಾರಿ ಬೇಡ.

ಚಿಪ್ಸಿಗೆ ಬೆಲೆ ತರುವುದು ಹೇಗೆ ಅನ್ನುವುದು ಒಳ್ಳೆ ಪ್ರಶ್ನೆ. ನಿಟ್ಟುವಳ್ಳಿಯವರ ಗುಂಪು ಅಂಕ ಬರೆದಿಡುತ್ತದಲ್ಲ, ಅದೇ ಉತ್ತರ. ಎದ್ದು ಹೋದರೆ ಮತ್ತೆ ಚಿಪ್ಸ್ ಇಲ್ಲ, ಆ ಶನಿವಾರದ ಅಂಕವೂ ಇಲ್ಲ. ಅಷ್ಟಿದ್ದರೆ ಜನ ಯೋಚಿಸಿಯೇ ಒಪ್ಪುತ್ತಾರೆ.

ನಿಟ್ಟುವಳ್ಳಿಯವ

ಹೌದು ಮೇಷ್ಟ್ರೇ, ನಮ್ಮಲ್ಲಿ ಅಂಕಕ್ಕಾಗಿ ಒದ್ದಾಡುತ್ತಾರೆ. ಅದರಲ್ಲೇ ಇನ್ನೊಂದು ಕೇಳಬೇಕಿತ್ತು. ಯುಗಾದಿಗೆ ಮುಂಚಿನ ಶನಿವಾರ ಬೇರೆ ಲೆಕ್ಕ. ಆ ದಿನ ಕೊನೆಗೆ ಉಳಿದ ನಾಲ್ಕು ಜನರಿಗೆ ಹಬ್ಬದ ದಿನದ ದೊಡ್ಡಾಟಕ್ಕೆ ಸೀಟು. ಒಂದನೆಯವನಿಗೂ ಒಂದೇ ಸೀಟು, ನಾಲ್ಕನೆಯವನಿಗೂ ಒಂದೇ ಸೀಟು. ಐದು ಜನ ಉಳಿದಾಗ ಹೇಗೆ ಆಡಬೇಕು?

ಲೆಕ್ಕದ ಮೇಷ್ಟ್ರು

ಇದನ್ನು ಕೇಳಿದ್ದು ನನಗೆ ನಿಜಕ್ಕೂ ಖುಷಿ. ಆಲ್ ಇನ್ ವಿಷಯದಲ್ಲಿ ಜನ ಜಾಸ್ತಿ ಎಡವುವ ಜಾಗ ಇದು.

ಒಟ್ಟು 45,000 ಚಿಪ್ಸ್. ಐವರಿಗೂ ತಲಾ 9,000 ಇದೆ ಅಂದುಕೋ. ಎಲ್ಲರೂ ಸಮ, ಐದರಲ್ಲಿ ನಾಲ್ಕು ಜನಕ್ಕೆ ಸೀಟು. ಸುಮ್ನೆ ಕೂತರೂ ನಿನಗೆ ಸೀಟು ಸಿಗುವ ಸಾಧ್ಯತೆ ಶೇ 80. ಈಗ ಸ್ಮಾಲ್ ಬ್ಲೈಂಡಿನವನು ಎಲೆಯನ್ನೂ ನೋಡದೆ 9,000 ತಳ್ಳಿದ. ನೀನು ಬಿಗ್ ಬ್ಲೈಂಡ್. ಒಪ್ಪಿ ಗೆದ್ದರೆ ಅವನು ಎದ್ದ, ನಿನಗೆ ಸೀಟು ಖಂಡಿತ, ಅಂದರೆ 100. ಸೋತರೆ ಸೊನ್ನೆ. ಹಾಗಾದರೆ ಒಪ್ಪಲು ಎಷ್ಟು ಗೆಲ್ಲುವ ಕೈ ಬೇಕು? ಶೇ 80ರ ಹತ್ತಿರ.

ಯಾವುದೋ ಎರಡು ಎಲೆಯ ಎದುರು ಎಕ್ಕದ ಜೋಡಿ ಗೆಲ್ಲುವುದು ಶೇ 85. ರಾಜರ ಜೋಡಿ 82. ರಾಣಿಯರ ಜೋಡಿ 80, ತಕ್ಕಡಿ ಸಮ. ಗುಲಾಮರ ಜೋಡಿ 77 ಚಿಲ್ಲರೆ, ಅಂದರೆ ಬಿಡಬೇಕು! ಎಕ್ಕ ರಾಜವನ್ನಂತೂ ನಗುತ್ತಾ ಬಿಡಬೇಕು. ಅವನು ಎಲೆ ನೋಡಿ ತಳ್ಳುವವನಾದರೆ ರಾಣಿಯರ ಜೋಡಿ ಸಾಲುವುದಿಲ್ಲ, ರಾಜರ ಜೋಡಿಯೂ ಸಾಲದೆ ಹೋಗಬಹುದು. ನೀನು ಗೆಲ್ಲುವ 9,000ಕ್ಕೆ 20ರ ಬೆಲೆ, ಕಳೆದುಕೊಳ್ಳುವ 9,000ಕ್ಕೆ 80ರ ಬೆಲೆ. ಚಿಪ್ಸ್ ಅದೇ, ಬಣ್ಣ ಅದೇ, ಬೆಲೆ ನಾಲ್ಕು ಪಟ್ಟು ಬೇರೆ.

ಇದರ ಇನ್ನೊಂದು ಮುಖ ನೋಡು. ನೀನು ಒಪ್ಪಲು ಆಗುವುದಿಲ್ಲ ಅಂದರೆ ಎದುರಿನವರೂ ಒಪ್ಪಲು ಆಗುವುದಿಲ್ಲ. ಹಾಗಾಗಿ ಆ ದಿನ ಮೊದಲು ತಳ್ಳುವವನಿಗೆ ಬಲ. ಇದು ಕೆಲಸ ಮಾಡುವುದು ಎದುರಿನವರಿಗೂ ಈ ಲೆಕ್ಕ ಗೊತ್ತಿದ್ದರೆ ಮಾತ್ರ. ಲೆಕ್ಕ ಗೊತ್ತಿಲ್ಲದವನು ಎಕ್ಕ ಏಳಕ್ಕೇ ಒಪ್ಪಿ ಇಬ್ಬರನ್ನೂ ಹಾಳು ಮಾಡುತ್ತಾನೆ. ಯಾರ ಮೇಲೆ ತಳ್ಳುತ್ತಿದ್ದೀಯ ಅನ್ನುವುದನ್ನು ಮೊದಲು ನೋಡು.

ಹಳೇಪೇಟೆ ಹಿರಿಯ

ಗುಲಾಮರ ಜೋಡಿ ಬಿಡಬೇಕು ಅನ್ನುವುದನ್ನು ನಿನ್ನೆ ರಾತ್ರಿ ಕಾಗದದ ಮೇಲೆ ಬರೆದು ನೋಡಿದೆ. ಸರಿ ಬಂತು. ಅದೇ ಲೆಕ್ಕ ನನ್ನನ್ನು ಹತ್ತು ಬ್ಲೈಂಡ್ ಇದ್ದಾಗ ತಳ್ಳು ಅನ್ನುತ್ತದೆ ಅಂದರೆ, ಅದನ್ನೂ ಒಪ್ಪಬೇಕಾಗುತ್ತದೆ. ಈ ಭಾನುವಾರ ಮಗನ ಜೊತೆ ಆಡಿ ನೋಡುತ್ತೇನೆ.

ನಿಟ್ಟುವಳ್ಳಿಯವ

ನಿನ್ನೆ ಶನಿವಾರ ಆಡಿ ಬಂದೆ. ಮಿರ್ಚಿ ಮಂಡಕ್ಕಿ ಕಟ್ಟಿದ್ದ ಕಾಗದದ ಹಿಂದೆ ಪ್ರತಿ ಸುತ್ತಿಗೂ ನನ್ನ ಚಿಪ್ಸ್ ಎಷ್ಟು ಬ್ಲೈಂಡ್ ಅಂತ ಬರೆಯುತ್ತಾ ಹೋದೆ.

200/400ರಲ್ಲಿ 4,400, ಅಂದರೆ ಹನ್ನೊಂದು. ಬಟನ್ ಮೇಲೆ ರಾಜ ಹತ್ತು ಸೂಟೆಡ್. ತಳ್ಳಿದೆ, ಇಬ್ಬರೂ ಬಿಟ್ಟರು. ಎರಡು ಕೈ ಬಿಟ್ಟು ಏಳರ ಜೋಡಿ. ತಳ್ಳಿದೆ, ಎಲ್ಲರೂ ಬಿಟ್ಟರು. ಎಲೆಯನ್ನೇ ತೋರಿಸದೆ 1,200 ಬಂತು, ಎರಡು ಸುತ್ತು ಬಿಟ್ಟಿ. ಆಮೇಲೆ ದೊಡ್ಡಪ್ಪ ಮೊದಲ ಸೀಟಿನಿಂದ ರೈಸ್ ಮಾಡಿದರು. ನನ್ನ ಕೈಯಲ್ಲಿ ಹತ್ತರ ಜೋಡಿ. ಮೇಷ್ಟ್ರ 34 ದಾರಿ ನೆನಪಾಯಿತು, ಬಿಟ್ಟೆ. ಅವರು ಯಾರಿಗೂ ಎಲೆ ತೋರಿಸಲಿಲ್ಲ.

ಕೊನೆಗೆ 300/600ರಲ್ಲಿ 5,400 ಇದ್ದಾಗ ಸ್ಮಾಲ್ ಬ್ಲೈಂಡಿನಿಂದ ರಾಣಿ ಏಳು ಸೂಟೆಡ್ ತಳ್ಳಿದೆ. ಬಿಗ್ ಬ್ಲೈಂಡಿನಲ್ಲಿ ಅದೇ ರಾಣಿ ಎಂಟರ ಹುಡುಗ. ಸ್ವಲ್ಪ ಹೊತ್ತು ಯೋಚಿಸಿ ಎಕ್ಕ ಮೂರು ತೋರಿಸಿ ಒಪ್ಪಿದ. ಅವನ ಎಕ್ಕ ನಿಂತಿತು, ನಾನು ನಾಲ್ಕನೆಯವನಾಗಿ ಎದ್ದೆ. ಈ ಕೈ ತಳ್ಳಿದ್ದು ಸರಿಯಾ?

ಕೋಟೆ ಹುಡುಗಿ

ಒಂಬತ್ತು ಬ್ಲೈಂಡ್, ಸ್ಮಾಲ್ ಬ್ಲೈಂಡ್, ಎದುರಿಗೆ ಒಬ್ಬನೇ. ನಾನೂ ತಳ್ಳುತ್ತಿದ್ದೆ ಅಣ್ಣ. ಅವನು ಒಪ್ಪಿದ್ದೂ ಸರಿ. ಹತ್ತರ ಜೋಡಿ ಬಿಟ್ಟದ್ದು ಇಷ್ಟವಾಯಿತು.

ಲೆಕ್ಕದ ಮೇಷ್ಟ್ರು

ತಳ್ಳಿದ್ದು ಸರಿ. ಆದರೆ ಒಂದು ಕೇಳಬೇಕು, ಆ ಹುಡುಗನ ಹತ್ತಿರ ಎಷ್ಟು ಚಿಪ್ಸ್ ಇತ್ತು? 5,400ಕ್ಕಿಂತ ಕಡಿಮೆ ಇದ್ದಿದ್ದರೆ ನೀನು ಎದ್ದಿರುತ್ತಿರಲಿಲ್ಲ, ಹಾಗಾಗಿ ಜಾಸ್ತಿಯೇ ಇರಬೇಕು. ತುಂಬ ಜಾಸ್ತಿ ಇದ್ದರೆ ಅವನು ಇನ್ನೂ ಹಗುರಾಗಿ ಒಪ್ಪುತ್ತಾನೆ. ಆಗ ರಾಣಿ ಏಳನ್ನು ಇನ್ನೊಮ್ಮೆ ಎಣಿಸೋಣ. ಆ ಮಂಡಕ್ಕಿ ಕಾಗದ ಇನ್ನೂ ಇದ್ದರೆ ಅಲ್ಲಿ ಉಳಿದ ಮೂವರ ಚಿಪ್ಸ್ ಎಷ್ಟಿತ್ತು ಅಂತ ನೋಡಿ ಬರಿ.